ಝರಣಿ ನರಸಿಂಹನ ನೀರಿಗಿಳಿಯುವ ಮುನ್ನ

ಹೈದರಾಬಾದಿನಿಂದ ಜಹೀರಾಬಾದ್ ಮೇಲೆ ಬೀದರಿಗೆ ಸುಮಾರು 140 ಕಿ.ಮೀ. ಅಲ್ಲಿಂದ ಬರುವ ಬಹಳ ಜನ ಮೊದಲು ಕೋಟೆ ನೋಡಿ, ಬಿಸಿಲೇರಿದ ಮೇಲೆ ಝರಣಿ ನರಸಿಂಹನ ಗುಹಾದೇವಾಲಯದ ಸಾಲಿನಲ್ಲಿ ನಿಲ್ಲುತ್ತಾರೆ. ಹಾಗೆ ಮಾಡಬೇಡಿ. ಕೋಟೆಯನ್ನು ಮಧ್ಯಾಹ್ನವೂ ನೋಡಬಹುದು, ಸ್ವಾಮಿಯ ಗುಹೆಗೆ ಬೆಳಿಗ್ಗೆಯೇ ಇಳಿಯಬೇಕು.

ಗುಹೆಗೆ ಬಾಯಿ ಒಂದೇ. ಸುಮಾರು 300 ಮೀಟರ್ ಸುರಂಗ, ಸೊಂಟದಿಂದ ಎದೆಮಟ್ಟದ ನೀರು. ಹೋಗುವವರೂ ಬರುವವರೂ ಅದರೊಳಗೇ. ದೀಪಗಳಿವೆ, ಗಾಳಿ ಹಾಯಿಸುವ ವ್ಯವಸ್ಥೆಯೂ ಇದೆ. ಆದರೂ ಜನ ಹೆಚ್ಚಿದಂತೆ ಒಳಗೆ ಉಸಿರು ಕಟ್ಟಿದಂತಾಗುತ್ತದೆ. ಉಬ್ಬಸ, ಹೃದ್ರೋಗ ಇರುವವರು, ಇಕ್ಕಟ್ಟಿಗೆ ಗಾಬರಿಯಾಗುವವರು ಹೊರಗೇ ನಿಂತು ಕೈಮುಗಿಯಲಿ. ಕಂಬದಿಂದ ಬಂದವನಿಗೆ ಬಾಗಿಲ ಬಳಿಯ ಮೊರೆ ಕೇಳಿಸದೆ ಇದ್ದೀತೆ? ಗಾಳಿ ಸಾಲದೆ, ನೀರು ಸಾಲದೆ ದರ್ಶನ ನಿಲ್ಲಿಸಿದ ದಿನಗಳೂ ಉಂಟು. ಊರಲ್ಲಿ ವಿಚಾರಿಸಿಕೊಂಡೇ ಹೊರಡಿ.

ಸೀರೆ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಚೂಡಿದಾರ ವಾಸಿ. ಪಂಚೆಯಾದರೆ ಕಚ್ಚೆ ಹಾಕಿ. ಮೊಬೈಲು, ಪಾಕೀಟು, ಕೈಗಡಿಯಾರ ಹೊರಗೆ ಉಳಿದ ಮನೆಯವರ ಹತ್ತಿರ ಇರಲಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ. ಹೆಜ್ಜೆ ಎತ್ತಿ ಹಾಕಿದರೆ ಆಯ ತಪ್ಪುತ್ತದೆ, ಪಾದವನ್ನು ತಳಕ್ಕೆ ತಾಗಿಸಿಕೊಂಡೇ ಮುಂದೆ ಸರಿಸಿ. ಮೇಲೆ ಬಾವಲಿಗಳು ಜೋತುಬಿದ್ದಿರುತ್ತವೆ. ಅವುಗಳ ಪಾಡಿಗೆ ಬಿಟ್ಟರೆ ತೊಂದರೆಯಿಲ್ಲ, ಕೂಗಿ ಬೆದರಿಸಬಾರದು. ಬಾಯಲ್ಲಿ ಗೋವಿಂದನಾಮ ಇದ್ದರೆ ಉಸಿರಾಟ ತಾನಾಗಿ ಹದಕ್ಕೆ ಬರುತ್ತದೆ.

ಕೊನೆಯಲ್ಲಿ ಏಳೆಂಟು ಜನ ನಿಲ್ಲುವಷ್ಟೇ ಜಾಗ. ಗೋಡೆಯಲ್ಲಿ ಮೂಡಿದ ನರಸಿಂಹ, ಹತ್ತಿರದಲ್ಲೇ ಜಲಾಸುರ ಪೂಜಿಸಿದನೆನ್ನುವ ಶಿವಲಿಂಗ. ಅಸುರ ನರಸಿಂಹನ ಕೈಯಲ್ಲಿ ಸಾಯುವಾಗ ಸ್ವಾಮಿಯನ್ನು ಇಲ್ಲೇ ನೆಲೆಸೆಂದು ಬೇಡಿ, ತಾನು ನೀರಾಗಿ ಅವನ ಪಾದದಿಂದ ಹರಿದನೆಂದು ಸ್ಥಳಪುರಾಣ. ಕೊಂದವನ ಪಾದ ಬಿಡದ ಆ ಭಕ್ತಿಯೊಳಗೇ ನಾವು ಎದೆಮಟ್ಟ ನಿಂತಿರುತ್ತೇವೆ. ಹಿಂದಿನವರು ಕಾಯುತ್ತಿರುತ್ತಾರೆ, ಕಣ್ತುಂಬ ನೋಡಿ ತಿರುಗಿಬಿಡಿ.

ಬೀದರಿನ ನೆಲ ಜಂಬಿಟ್ಟಿಗೆ. ಮಳೆನೀರು ಅದರ ರಂಧ್ರಗಳಲ್ಲಿ ಇಳಿದು, ಕೆಳಗಿನ ಗಟ್ಟಿ ಪದರಕ್ಕೆ ತಡೆದು, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನೌಬಾದಿನ ಸುರಂಗ ಬಾವಿಯನ್ನು, ಅಂದರೆ ನೆಲದಡಿಯ ನೀರುಗಾಲುವೆಯನ್ನು, ಕೊರೆದದ್ದೂ ಈ ನೀರನ್ನು ಹಿಡಿಯಲಿಕ್ಕೇ. ಗುರುನಾನಕರು ಪಾದುಕೆ ತಾಗಿಸಿ ಸಿಹಿನೀರು ಉಕ್ಕಿಸಿದರೆಂದು ಸಿಖ್ಖರು ನಂಬುವ ನಾನಕ್ ಝಿರಾದ ಸೆಲೆ ಇದೇ ನೆಲದ್ದು. ಹಾಗಾಗಿ ಒದ್ದೆಬಟ್ಟೆ ಬದಲಿಸಿ ನೇರ ಅಲ್ಲಿನ ಗುರುದ್ವಾರಕ್ಕೇ ನಡೆಯಿರಿ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಗಂಡಸರೂ ಹೆಂಗಸರೂ ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು. ಲಂಗರಿನ, ಅಂದರೆ ಗುರುದ್ವಾರದ ಅನ್ನದಾಸೋಹದ, ಪಂಕ್ತಿಯಲ್ಲಿ ರೊಟ್ಟಿಯನ್ನು ಎರಡೂ ಅಂಗೈ ಒಡ್ಡಿ ಪಡೆಯುವುದು ರೂಢಿ. ತಟ್ಟೆಯಲ್ಲಿ ಅಗುಳೂ ಬಿಡಬಾರದು.

ಕೋಟೆ ಮುಗಿಸಿ ಸಂಜೆ ಪಾಪನಾಶದ ಶಿವನ ದರ್ಶನ ಮಾಡಬಹುದು. ಅಲ್ಲಿಯೂ ಕುಂಡಕ್ಕೆ ಝರಿಯ ನೀರೇ. ಶಿವರಾತ್ರಿಯಂದು ಮಾತ್ರ ಅಲ್ಲಿ ಜನ ಜಾತ್ರೆಯಾಗಿರುತ್ತಾರೆ. ಆ ದಿನ ಎಲ್ಲವನ್ನೂ ಕೂಡಿಸುವ ಆಸೆ ಬಿಟ್ಟು ಪಾಪನಾಶವೊಂದನ್ನೇ ಇಟ್ಟುಕೊಳ್ಳಿ.