ಕೇಜಿಗೆ ಎಷ್ಟು ಕಾಯಿ?

ಮೊನ್ನೆ ಪಕ್ಕದ ಮನೆ ಹುಡುಗಿ ವಿನೆಗರ್‌ನಲ್ಲಿ ಹಾಕಿದ ಮಿಡಿಸೌತೆ ಬಾಟ್ಲಿ ಹಿಡ್ಕೊಂಡು ಬಂದು, "ಇದು ನಿಮ್ಮ ಕಡೆಯದಂತಲ್ಲ, ಇದ್ರಲ್ಲಿ ರೈತನಿಗೆ ಎಷ್ಟು ಸಿಗುತ್ತೆ?" ಅಂತ ಕೇಳಿದ್ಲು. ಇಲ್ಲೇ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಓದ್ತಿರೋಳು. ಅಂಗಡಿಯಿಂದ ಒಂದು ಸಾಮಾನು ತಂದು, ಅದು ಹೊಲದಿಂದ ಇಲ್ಲಿಗೆ ಬರೋವರೆಗಿನ ದುಡ್ಡು, ರಿಸ್ಕು, ಕಾಗದಪತ್ರ ಎಲ್ಲಾ ಹುಡುಕಿ ಬರೀಬೇಕಂತೆ, ಅದೇ ಅಸೈನ್‌ಮೆಂಟು.

ಮಿಡಿಸೌತೆ 90ರ ದಶಕದಲ್ಲಿ ನಮ್ಮ ಕರ್ನಾಟಕದಲ್ಲೇ ಶುರುವಾದ ಎಕ್ಸ್‌ಪೋರ್ಟ್ ಬೆಳೆ, ನಮ್ಮನೇಲಿ ಯಾರೂ ತಿನ್ನಲ್ಲ, 2020-21ರಲ್ಲಿ ದೇಶದಿಂದ 2 ಲಕ್ಷ ಟನ್ನಿಗೂ ಜಾಸ್ತಿ ಹೊರಗೆ ಹೋಗಿದೆ. ಆಂಧ್ರ ಗಡಿಯ ಪಾವಗಡದ ಹತ್ರ ನಮ್ಮ ಚಿಕ್ಕಪ್ಪ ಬೆಳೀತಾರೆ, ಸರಿ ಅವ್ರಿಗೇ ಫೋನ್ ಹಾಕಿ ಸ್ಪೀಕರಲ್ಲಿಟ್ಟೆ.

ಚಿಕ್ಕಪ್ಪಂಗೆ ಖುಷಿಯೋ ಖುಷಿ. ಕಂಪನಿಯವ್ರೇ ಬೀಜ ಕೊಡ್ತಾರೆ, ರೇಟು ಮೊದ್ಲೇ ಅಗ್ರಿಮೆಂಟಲ್ಲಿ ಇರುತ್ತೆ, ಕೇಜಿಗೆ ಎಷ್ಟು ಕಾಯಿ ತೂಗುತ್ತೆ ಅನ್ನೋದ್ರ ಮೇಲೆ ಗ್ರೇಡು, ಸಣ್ಣ ಕಾಯಿಗೇ ದುಡ್ಡು ಜಾಸ್ತಿ, ಒಂದು ದಿನ ಆಳು ಬರ್ಲಿಲ್ಲ ಅಂದ್ರೆ ಕಾಯಿ ಊದ್ಕೊಂಡು ಗ್ರೇಡ್ ಇಳಿಯುತ್ತೆ ಅಂತ ಒಂದೇ ಉಸಿರಿಗೆ ಹೇಳಿದ್ರು. ಮಧ್ಯದಲ್ಲಿ ಆಳಿಗೆ ತೆಲುಗಲ್ಲಿ ಬೈಗುಳ ಬೇರೆ. (ಈ ಹುಡುಗಿಗೆ ಕೋರ್ಸಲ್ಲಿ ಇನ್ನೊಂದು ಭಾಷೆ ಕಲಿಸ್ತಾರೆ, ನಮ್ಮ ಗಡಿ ಕಡೆಯವ್ರಿಗೆ ಅದು ಹುಟ್ಟಿನಿಂದ್ಲೇ ಬಂದಿರುತ್ತೆ, ಆದ್ರೆ ರೆಸ್ಯೂಮಲ್ಲಿ ಯಾರೂ ಹಾಕಲ್ಲ.)

ಆಮೇಲೆ ಅವಳು, "ಹುಳಕ್ಕೆ ಹೊಡೆದ ಔಷಧಿ ಅಂಶ ಕಾಯಲ್ಲಿ ಜಾಸ್ತಿ ಇದೆ ಅಂತ ಇಲ್ಲಿ ಬಂದರಲ್ಲಿ ಕಂಟೇನರ್ ತಡೆದ್ರೆ ನಷ್ಟ ಯಾರಿಗೆ?" ಅಂದ್ಲು. ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. "ನನಗೇನೂ ಹೇಳಲ್ಲಮ್ಮ, ಮುಂದಿನ ಬೆಳೆಗೆ ಬೀಜ ಕೊಡಲ್ಲ, ಅಷ್ಟೇ" ಅಂದ್ರು. ಅವಳು ಅದನ್ನೂ ಬರ್ಕೊಂಡ್ಲು.

ಎಕ್ಸ್‌ಪೋರ್ಟಲ್ಲಿ ಎಫ್‌ಓಬಿ (ಫ್ರೀ ಆನ್ ಬೋರ್ಡ್) ಅಂದ್ರೆ ಮಾಲು ಹಡಗಿಗೆ ಏರಿದ್ಮೇಲೆ ರಿಸ್ಕು ಕೊಂಡವನದ್ದು ಅಂತ ನಾನೂ ಎಂಬಿಎಲಿ ಬರೆದು ಪಾಸಾದವನೇ, ಬಿಲ್ ಆಫ್ ಲೇಡಿಂಗ್ (ಮಾಲು ತಗೊಂಡಿದ್ದಕ್ಕೆ ಹಡಗಿನವ್ರು ಕೊಡೋ ರಸೀದಿ) ಹೆಂಗಿರುತ್ತೆ ಅಂತ ಕಣ್ಣಾರೆ ನೋಡಿದ್ದು ಮಾತ್ರ ಇಲ್ಲಿ ಕೆಲಸಕ್ಕೆ ಸೇರಿದ್ಮೇಲೆ. ನಮ್ಮ ಹುಡುಗ್ರು ದಡ್ಡರಲ್ಲ, ಲೆಕ್ಕದಲ್ಲಿ ಈ ಹುಡುಗಿಗಿಂತ ಎಷ್ಟೋ ಚುರುಕು. ಕಾಲೇಜಿಂದ ಬಸ್ಸಲ್ಲಿ ಹೋದ್ರೆ ಕಾಯಿ ತೂಗೋ ಶೆಡ್ಡು ಸಿಗುತ್ತೆ, ಅಲ್ಲಿಗೆ ಅವ್ರನ್ನ ಕರ್ಕೊಂಡು ಹೋಗೋರಿಲ್ಲ. ಇಂಡಸ್ಟ್ರಿಯಲ್ ವಿಸಿಟ್ ಅಂದ್ರೆ ನಮಗೆ ಊಟಿನೇ ಆಗ್ಬೇಕು!

ಚಿಕ್ಕಪ್ಪನ ಮಗಳು ಈಗ ಬಿಕಾಂ ಕೊನೇ ವರ್ಷ. ಅವಳಿಗೂ ಇದೆಲ್ಲಾ ಹೇಳಿ, ಅಪ್ಪನ ಅಗ್ರಿಮೆಂಟ್ ಒಂದ್ಸಲ ಪೂರ್ತಿ ಓದಮ್ಮ ಅಂದೆ. "ಅದು ಇಂಗ್ಲಿಷಲ್ಲಿದೆ ಅಣ್ಣ, ಅಪ್ಪ ಸೈನ್ ಮಾಡ್ಬಿಟ್ಟವ್ರೆ" ಅಂದ್ಲು.