ಗುಂಡಿ ಬೋರ್ಡ್ ಮೇಲೆ ಸ್ಕಲೋನಿ: ಎಂಟು ವಾರದ ಕೆಲಸ

ಸ್ಕಲೋನಿ ಬೋರ್ಡ್ ಕೆಲಸ ಶುರುವಾಗಿ ಎಂಟು ವಾರ ಆಯಿತು. ಹೊಸದಾಗಿ ಓದುವವರಿಗೆ ಎರಡು ಮಾತು. ಅರ್ಜೆಂಟೀನಾಕ್ಕೆ 2022ರ ಫುಟ್‌ಬಾಲ್ ವಿಶ್ವಕಪ್ ಗೆದ್ದುಕೊಟ್ಟ ಕೋಚ್ ಲಿಯೊನೆಲ್ ಸ್ಕಲೋನಿ ಆಟಗಾರರಾಗಿದ್ದಾಗ ರೈಟ್ ಬ್ಯಾಕ್, ಅಂದರೆ ಹಿಂದೆ ಬಲಗಡೆ ನಿಂತು ಗೋಲು ತಡೆಯುವವರು. ಅವರು ಆಡಿದ ಮತ್ತು ಆಡಿಸಿದ ಕೆಲವು ಪಂದ್ಯಗಳನ್ನು ನಾನು ಮನೆಯ ಮೇಜಿನ ಮೇಲೆ ಬಟ್ಟೆಯ ಗುಂಡಿ ಇಟ್ಟು ಮತ್ತೆ ಜೋಡಿಸುತ್ತಿದ್ದೇನೆ. ವಿಡಿಯೊ ನಿಲ್ಲಿಸಬೇಕು, ಯಾರು ಎಲ್ಲಿದ್ದಾರೆ ನೋಡಬೇಕು, ಗುಂಡಿ ಸರಿಸಬೇಕು, ಫೋಟೊ ತೆಗೆಯಬೇಕು. ಒಂದು ಗೋಲಿಗೆ ಒಂದು ಸಂಜೆ ಪೂರ್ತಿ ಹೋಗುತ್ತದೆ.

ವಾರ 1 ಮತ್ತು 2

ಮೈದಾನದ ಉದ್ದ 105 ಮೀಟರ್, ಅಗಲ 68. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಅಂತ ಲೆಕ್ಕ ಹಾಕಿ ಪ್ಲೈವುಡ್ ಕತ್ತರಿಸಿಕೊಂಡು ಬಂದೆ. ಮೇಲೆ ಹಸಿರು ಬಟ್ಟೆ ಅಂಟಿಸಿದೆ. ಗೆರೆಗಳನ್ನು ಮೊದಲು ಬಿಳಿ ಪೇಂಟ್‌ನಲ್ಲಿ ಎಳೆದೆ. ಅದು ಬಟ್ಟೆಯಲ್ಲಿ ಹರಡಿಕೊಂಡು ಪೆನಾಲ್ಟಿ ಬಾಕ್ಸ್ ಹಾಳಾಯಿತು. ಆ ಬಟ್ಟೆ ಕಿತ್ತು ಹೊಸದು ಹಾಕಿ, ಈ ಸಲ ದಪ್ಪ ಬಿಳಿ ದಾರದಲ್ಲಿ ಗೆರೆ ಹೊಲಿದೆ. ಈಗ ಚೆನ್ನಾಗಿದೆ.

ಗುಂಡಿ ಸಿಕ್ಕಿದ್ದು ಟೈಲರ್ ಅಂಗಡಿಯಲ್ಲಿ. ಅರ್ಜೆಂಟೀನಾಕ್ಕೆ ತಿಳಿನೀಲಿ ಶರ್ಟ್ ಗುಂಡಿ. ಸ್ಕಲೋನಿಗೆ ಮಾತ್ರ ಕಂದು ಬಣ್ಣದ ದೊಡ್ಡ ಕೋಟ್ ಗುಂಡಿ. ಅವರು ಆಡಿದ ಪಂದ್ಯಗಳಲ್ಲಿ ಅದು ಬಲಗಡೆ ಹಿಂದೆ ಇರುತ್ತದೆ. ಕೋಚ್ ಆದ ಮೇಲಿನ ಪಂದ್ಯಗಳಲ್ಲಿ ಗೆರೆಯ ಹೊರಗೆ.

ವಾರ 3

ಸ್ಕಲೋನಿ ಸಾಂಟಾ ಫೆ ಪ್ರಾಂತ್ಯದ ಪುಜಾತೊ ಎಂಬ ಸಣ್ಣ ಊರಿನವರು. ಹತ್ತಿರದ ರೊಸಾರಿಯೊ ನಗರದ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಕ್ಲಬ್‌ನಲ್ಲಿ ಶುರು ಮಾಡಿ, ಆಮೇಲೆ ಎಸ್ತುದಿಯಾಂತೆಸ್ ಕ್ಲಬ್‌ಗೆ ಹೋದರು. 1997ರಲ್ಲಿ ಮಲೇಷ್ಯಾದಲ್ಲಿ ಕಿರಿಯರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಕೋಚ್ ಹೊಸೆ ಪೆಕರ್ಮನ್. ಪಾಬ್ಲೊ ಐಮರ್, ವಾಲ್ಟರ್ ಸ್ಯಾಮುಯೆಲ್ ಕೂಡ ಅದೇ ತಂಡ. 25 ವರ್ಷದ ನಂತರ ಕತಾರ್‌ನಲ್ಲಿ ಇವರಿಬ್ಬರೂ ಸ್ಕಲೋನಿಯ ಸಹಾಯಕರಾಗಿ ಬೆಂಚಿನಲ್ಲಿ ಕೂತಿದ್ದರು. ಹುಡುಗರಾಗಿದ್ದಾಗಿನ ಗೆಳೆತನ ಅಷ್ಟು ದೂರ ಬಂತು ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ.

ಆಮೇಲೆ ಸ್ಪೇನ್‌ನ ಡೆಪೋರ್ಟಿವೊ ಲಾ ಕೊರುನ್ಯಾ. ಆ ಕ್ಲಬ್ ಲೀಗ್ ಗೆದ್ದಿದ್ದು ಒಂದೇ ಸಲ, 2000ರಲ್ಲಿ. ಆಗ ಇವರು ತಂಡದಲ್ಲಿದ್ದರು. ನಾನು ಬೋರ್ಡ್ ಮೇಲೆ ಹಾಕಿದ್ದು 2002ರ ಮಾರ್ಚ್ 6ರ ಕೋಪಾ ಡೆಲ್ ರೇ (ಸ್ಪೇನ್ ಕ್ಲಬ್‌ಗಳ ಕಪ್) ಫೈನಲ್. ಅವತ್ತು ರಿಯಲ್ ಮ್ಯಾಡ್ರಿಡ್‌ಗೆ ನೂರು ವರ್ಷ ತುಂಬಿದ ದಿನ. ಪಂದ್ಯ ಅವರದೇ ಬೆರ್ನಬೆವು ಮೈದಾನದಲ್ಲಿ. ಡೆಪೋರ್ಟಿವೊದ ಮೊದಲ ಆಯ್ಕೆಯ ರೈಟ್ ಬ್ಯಾಕ್ ಮನುಯೆಲ್ ಪಾಬ್ಲೊ ಕಾಲು ಮುರಿದುಕೊಂಡು ಹೊರಗಿದ್ದರು. ಆ ಜಾಗದಲ್ಲಿ ಸ್ಕಲೋನಿ ಆಡಿದರು. ಎದುರಿಗೆ ಮ್ಯಾಡ್ರಿಡ್‌ನ ರೊಬರ್ಟೊ ಕಾರ್ಲೊಸ್. ಡೆಪೋರ್ಟಿವೊ 2–1ರಿಂದ ಗೆದ್ದು ಹಬ್ಬದ ಮನೆಯಿಂದಲೇ ಕಪ್ ಹೊತ್ತುಕೊಂಡು ಹೋಯಿತು.

ವಾರ 4: ಕಾರ್ಡಿಫ್

ಈ ವಾರ ಬೇರೆ ಏನೂ ಮಾಡಲಿಲ್ಲ. 2006ರ ಮೇ 13, ಕಾರ್ಡಿಫ್ ನಗರದಲ್ಲಿ ಎಫ್‌ಎ ಕಪ್ (ಇಂಗ್ಲೆಂಡ್ ಕ್ಲಬ್‌ಗಳ ಕಪ್) ಫೈನಲ್, ಲಿವರ್‌ಪೂಲ್ ಮತ್ತು ವೆಸ್ಟ್ ಹ್ಯಾಮ್. ಸ್ಕಲೋನಿ ಜನವರಿಯಲ್ಲಷ್ಟೇ ತಾತ್ಕಾಲಿಕವಾಗಿ, ಲೋನ್ ಮೇಲೆ ವೆಸ್ಟ್ ಹ್ಯಾಮ್‌ಗೆ ಬಂದಿದ್ದರು.

ಮೊದಲ ಗೋಲು ಸುಲಭವಾಗಿ ಕೂತಿತು. ಬಲಗಡೆಯಿಂದ ಸ್ಕಲೋನಿ ಕ್ರಾಸ್ ಹಾಕುತ್ತಾರೆ, ಲಿವರ್‌ಪೂಲ್‌ನ ಕ್ಯಾರಘರ್ ಕಾಲಿಗೆ ತಾಗಿ ಅವರದೇ ಗೋಲಿಗೆ ಹೋಗುತ್ತದೆ. ಕಷ್ಟವಾಗಿದ್ದು 91ನೇ ನಿಮಿಷ. ವೆಸ್ಟ್ ಹ್ಯಾಮ್ 3–2ರಿಂದ ಮುಂದಿದೆ. ಲಿವರ್‌ಪೂಲ್‌ನ ಸಿಸ್ಸೆ ನೋವಿನಿಂದ ಕೆಳಗೆ ಬಿದ್ದಿದ್ದಾರೆ. ಅವರಿಗೆ ಚಿಕಿತ್ಸೆ ಸಿಗಲಿ ಅಂತ ಸ್ಕಲೋನಿ ಚೆಂಡನ್ನು ತಾವಾಗಿಯೇ ಹೊರಗೆ ಕಳಿಸುತ್ತಾರೆ. ಲಿವರ್‌ಪೂಲ್ ಚೆಂಡು ವಾಪಸ್ ಕೊಡುತ್ತದೆ. ಸ್ಕಲೋನಿ ಅವಸರದಲ್ಲಿ ಒದೆಯುತ್ತಾರೆ, ಅದು ಎದುರಾಳಿಗೇ ಸಿಗುತ್ತದೆ. ಇನ್ನೊಂದು ಚೂರು ಹೊತ್ತಿಗೆ ಸ್ಟೀವನ್ ಜೆರಾರ್ಡ್ ಸುಮಾರು 30 ಮೀಟರ್ ದೂರದಿಂದ ಗೋಲು. 3–3. ಕೊನೆಗೆ ಪೆನಾಲ್ಟಿಯಲ್ಲಿ ಲಿವರ್‌ಪೂಲ್‌ಗೆ ಕಪ್. ಸ್ಕಲೋನಿಗೆ ಪೆನಾಲ್ಟಿ ಒದೆಯುವ ಸರದಿ ಬರಲೇ ಇಲ್ಲ.

ನಾಲ್ಕು ಫೋಟೊ ತೆಗೆದಿದ್ದೇನೆ. ಕೋಟ್ ಗುಂಡಿಯನ್ನು ಆ ಜಾಗದಲ್ಲಿ ಇಡುವಾಗ ಮನಸ್ಸಿಗೆ ಬೇಜಾರಾಯಿತು. ಎದುರಾಳಿಯ ಮೇಲೆ ಕರುಣೆ ತೋರಿಸಿದ ಮರುಕ್ಷಣವೇ ಹೀಗಾಯಿತು. ಆಮೇಲೂ ಗೋಲ್ ತಡೆಯಲು ಅವಕಾಶ ಇತ್ತು. ಜೆರಾರ್ಡ್‌ಗೆ ಒದೆಯಲು ಅಷ್ಟು ಜಾಗ ಬಿಟ್ಟಿದ್ದು ಒಬ್ಬ ರೈಟ್ ಬ್ಯಾಕ್ ಮಾಡಿದ ತಪ್ಪಲ್ಲ, ಇಡೀ ತಂಡದ್ದು. ಬೋರ್ಡ್ ಮೇಲೆ ಅದು ಸ್ಪಷ್ಟವಾಗಿ ಕಾಣುತ್ತದೆ.

ವಾರ 5

ಮುಂದಿನ ತಿಂಗಳೇ ಜರ್ಮನಿಯಲ್ಲಿ ವಿಶ್ವಕಪ್. ಈಗ ಹಿರಿಯರ ತಂಡದ ಕೋಚ್ ಆಗಿದ್ದ ಪೆಕರ್ಮನ್, ಅನುಭವಿ ಆಟಗಾರ ಹಾವಿಯೆರ್ ಸಾನೆಟ್ಟಿಯನ್ನು ಕೈಬಿಟ್ಟು ಸ್ಕಲೋನಿಯನ್ನು ಕರೆದುಕೊಂಡು ಹೋದರು. ಆಗ ತುಂಬಾ ಜನ ಬೈದಿದ್ದರು. ಆಡಿದ್ದು ಒಂದೇ ಪಂದ್ಯ, ಲೈಪ್‌ಜಿಗ್‌ನಲ್ಲಿ ಮೆಕ್ಸಿಕೊ ವಿರುದ್ಧ. ಹೆಚ್ಚುವರಿ ಸಮಯದಲ್ಲಿ ಮ್ಯಾಕ್ಸಿ ರೊಡ್ರಿಗೆಸ್ ಹೊಡೆದ ಗೋಲಿನಿಂದ 2–1. ಕೊನೆಯಲ್ಲಿ ಬದಲಿ ಆಟಗಾರನಾಗಿ ಒಳಗೆ ಬಂದ ಹುಡುಗ ಲಿಯೊನೆಲ್ ಮೆಸ್ಸಿ. ದೇಶದ ಪರ ಸ್ಕಲೋನಿ ಆಡಿದ್ದು ಒಟ್ಟು ಏಳೇ ಪಂದ್ಯ.

ರಾಸಿಂಗ್ ಸಾಂತಾಂದೆರ್, ಲಾಜಿಯೊ, ಮಯೋರ್ಕಾ, ಅಟಲಾಂಟಾ ಕ್ಲಬ್‌ಗಳಲ್ಲಿ ಆಡಿದ ವರ್ಷಗಳಿಗೆ ಒಂದು ಕಾರ್ಡ್ ಸಾಕಾಯಿತು. 2015ರಲ್ಲಿ ಆಟ ನಿಲ್ಲಿಸಿದರು.

ವಾರ 6 ಮತ್ತು 7

ಇಲ್ಲಿಂದ ಕೋಟ್ ಗುಂಡಿ ಗೆರೆಯಾಚೆ. 2018ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಕೋಚ್ ಹೊರ್ಹೆ ಸಂಪಾವ್ಲಿಯ ಸಹಾಯಕರಾಗಿದ್ದರು. ಫ್ರಾನ್ಸ್ ಎದುರು 4–3ರಿಂದ ಸೋತು ಸಂಪಾವ್ಲಿ ಹೋದ ಮೇಲೆ ಕೆಲವು ಪಂದ್ಯಗಳಿಗೆ ಅಂತ ತಂಡವನ್ನು ಇವರ ಕೈಗೆ ಕೊಟ್ಟರು. ಹಿರಿಯರ ತಂಡ ಯಾವುದನ್ನೂ ಮುಖ್ಯ ಕೋಚ್ ಆಗಿ ನಡೆಸಿದವರಲ್ಲ. 2019ರ ಕೋಪಾ ಅಮೆರಿಕ (ದಕ್ಷಿಣ ಅಮೆರಿಕದ ದೇಶಗಳ ಕಪ್) ಸೆಮಿಫೈನಲ್‌ನಲ್ಲಿ ಬ್ರೆಜಿಲ್‌ಗೆ ಸೋತರು. ಆಮೇಲೆ 36 ಪಂದ್ಯ ಸೋಲಲೇ ಇಲ್ಲ! 2021ರ ಕೋಪಾ ಫೈನಲ್‌ನಲ್ಲಿ ಬ್ರೆಜಿಲ್‌ನ ಮರಕಾನಾ ಮೈದಾನದಲ್ಲೇ ಬ್ರೆಜಿಲ್ ಅನ್ನು ಸೋಲಿಸಿ ಅರ್ಜೆಂಟೀನಾದ 28 ವರ್ಷದ ಕಪ್ ಬರ ನೀಗಿಸಿದರು.

2022ರ ಕತಾರ್ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಸೌದಿ ಅರೇಬಿಯಾ 2–1ರಿಂದ ಗೆದ್ದಿತಲ್ವಾ? ಆ ಪಂದ್ಯಕ್ಕೆ ಸೌದಿ ಡಿಫೆನ್ಸ್ ಸಾಲನ್ನು ಕೆಂಪು ದಾರದಿಂದ ಕಟ್ಟಿ, ದಾರವನ್ನೇ ಮುಂದೆ ಹಿಂದೆ ಎಳೆದೆ. ಅರ್ಜೆಂಟೀನಾದ ಮೂರು ಗೋಲು ಯಾಕೆ ಆಫ್‌ಸೈಡ್ (ಎದುರಾಳಿಯ ಡಿಫೆನ್ಸ್ ಸಾಲಿಗಿಂತ ಮುಂದೆ ಇದ್ದ ತಪ್ಪು) ಆದವು ಅಂತ ಕೈಗೇ ಗೊತ್ತಾಗುತ್ತದೆ. ಮುಂದಿನ ಪಂದ್ಯಕ್ಕೆ ಸ್ಕಲೋನಿ ಐದು ಆಟಗಾರರನ್ನು ಬದಲಿಸಿದರು. ಅದರ ಮುಂದಿನದಕ್ಕೆ ಎನ್ಸೊ ಫೆರ್ನಾಂಡೆಸ್, ಹುಲಿಯನ್ ಅಲ್ವಾರೆಸ್ ಆರಂಭದಿಂದಲೇ ಆಡಿದರು. ತಮ್ಮ ಹಳೆಯ ಲೆಕ್ಕಕ್ಕೆ ಅಂಟಿಕೊಂಡು ಕೂರಲಿಲ್ಲ. ಯಾರೋ ಇಲ್ಲದಾಗ ಜಾಗ ತುಂಬಿ ಬೆಳೆದ ಆಟಗಾರನಿಗೆ ಈ ಬುದ್ಧಿ ಬೇಗ ಬರುತ್ತದೆ ಅಂತ ನನಗನಿಸುತ್ತದೆ.

ನೆದರ್ಲೆಂಡ್ಸ್ ಪಂದ್ಯ ನನ್ನ ಅಚ್ಚುಮೆಚ್ಚಿನದು. ಹಿಂದೆ ಐದು ಜನರನ್ನು ಇಟ್ಟು, ಅವರಲ್ಲಿ ಎರಡೂ ಅಂಚಿನಲ್ಲಿ ಓಡುವ ವಿಂಗ್ ಬ್ಯಾಕ್‌ಗಳನ್ನು ಮುಂದೆ ಬಿಟ್ಟರು. ಬಲಗಡೆಯ ಮೊಲಿನಾ ಗೋಲ್ ಹೊಡೆದರು, ಎಡಗಡೆಯ ಅಕುನ್ಯಾ ಪೆನಾಲ್ಟಿ ತಂದುಕೊಟ್ಟರು. ಅಂಚಿನಲ್ಲಿ ಓಡಿದವನಿಗೇ ಅಂಚಿನ ಬೆಲೆ ಗೊತ್ತು.

ವಾರ 8: ಲುಸೈಲ್

2022ರ ಡಿಸೆಂಬರ್ 18, ಕತಾರ್‌ನ ಲುಸೈಲ್‌ನಲ್ಲಿ ಫ್ರಾನ್ಸ್ ಎದುರು ವಿಶ್ವಕಪ್ ಫೈನಲ್. ಹೆಚ್ಚಾಗಿ ಬಲಗಡೆ ಆಡುವ ಡಿ ಮರಿಯಾರನ್ನು ಸ್ಕಲೋನಿ ಎಡಗಡೆ ಇಟ್ಟರು. ಫ್ರಾನ್ಸ್‌ಗೆ ಅರ್ಥವಾಗುವಷ್ಟರಲ್ಲಿ ಎರಡು ಗೋಲು. ಎರಡನೆಯದಕ್ಕೆ ಗುಂಡಿ ಸರಿಸೋದೇ ಒಂದು ಖುಷಿ: ಮೆಸ್ಸಿ, ಅಲ್ವಾರೆಸ್, ಮ್ಯಾಕ್ ಅಲಿಸ್ಟರ್, ಡಿ ಮರಿಯಾ. 64ನೇ ನಿಮಿಷಕ್ಕೆ ಡಿ ಮರಿಯಾರನ್ನು ಹೊರಗೆ ಕರೆದರು. ನನ್ನ ಪ್ರಕಾರ ಅದು ಹತ್ತು ನಿಮಿಷ ಬೇಗ ಆಯಿತು. 80 ಮತ್ತು 81ನೇ ನಿಮಿಷದಲ್ಲಿ ಎಂಬಾಪೆ ಎರಡು ಗೋಲು ಹೊಡೆದರು. ಹೆಚ್ಚುವರಿ ಸಮಯದಲ್ಲಿ ಮೆಸ್ಸಿ ಮತ್ತೆ ಮುಂದೆ ತಂದರು.

ಆಗ ರೈಟ್ ಬ್ಯಾಕ್ ಜಾಗದಲ್ಲಿ ಇದ್ದವರು ಬದಲಿಯಾಗಿ ಬಂದಿದ್ದ ಗೊನ್ಸಾಲೊ ಮೊಂಟಿಯೆಲ್. ಎಂಬಾಪೆ ಒದ್ದ ಚೆಂಡು ಅವರ ಮೊಣಕೈಗೆ ತಾಗಿತು. ಪೆನಾಲ್ಟಿ, ಗೋಲು, 3–3.

ಆ ಗುಂಡಿ ಇಟ್ಟು ಸ್ಕೋರ್ ಕಾರ್ಡ್ ಬರೆಯುವಾಗ ಕೈ ನಿಂತಿತು. ಕಾರ್ಡಿಫ್ ಕಾರ್ಡ್ ಪಕ್ಕದಲ್ಲೇ ಇತ್ತು. ಅದೂ 3–3. ಅದೂ ಫೈನಲ್. ಅಲ್ಲೂ ಕೊನೆ ಗಳಿಗೆಯಲ್ಲಿ ಒಬ್ಬ ರೈಟ್ ಬ್ಯಾಕ್.

ಶೂಟೌಟ್‌ನಲ್ಲಿ ಅರ್ಜೆಂಟೀನಾದ ನಾಲ್ಕನೇ ಪೆನಾಲ್ಟಿ ಮೊಂಟಿಯೆಲ್ ಅವರದೇ. ಒದ್ದರು, ವಿಶ್ವಕಪ್ ಬಂತು. ತಂಗಿಯ ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದ. "ಮಾವ, ತಪ್ಪು ಮಾಡಿದವ್ರಿಗೇ ಯಾಕೆ ಒದೆಯೋಕೆ ಬಿಟ್ರು?" ಅಂತ ಕೇಳಿದ. ನಾನು ಕಾರ್ಡಿಫ್‌ನ ನಾಲ್ಕು ಫೋಟೊ ತೆಗೆದು ಅವನ ಮುಂದೆ ಇಟ್ಟೆ. ತುಂಬಾ ಹೊತ್ತು ನೋಡಿದ. ಆಮೇಲೆ ಮೊಂಟಿಯೆಲ್ ಗುಂಡಿಯನ್ನು ಎತ್ತಿಕೊಂಡು ಹೋಗಿ, ಗೆರೆಯಾಚೆ ಇದ್ದ ಕೋಟ್ ಗುಂಡಿ ಪಕ್ಕ ಇಟ್ಟ. ಆ ಫೋಟೊವನ್ನೂ ತೆಗೆದಿದ್ದೇನೆ.

ಮುಂದಿನ ವಾರ 2024ರ ಕೋಪಾ ಫೈನಲ್. ಮಯಾಮಿ, ಕೊಲಂಬಿಯಾ, 112ನೇ ನಿಮಿಷದಲ್ಲಿ ಲೌತಾರೊ ಹೊಡೆದ ಗೋಲು. ಕೊಲಂಬಿಯಾಕ್ಕೆ ಹನ್ನೊಂದು ಹಳದಿ ಗುಂಡಿ ಬೇಕು. ಒಂಬತ್ತು ಇವೆ.