ಉಕ್ಕೋ ಚೇಂಬರ್ ಒಂದು, ಕಟ್ಟಿರೋ ಜಾಗ ಇನ್ನೊಂದು

ಮೈಸೂರಿನ 65 ವಾರ್ಡುಗಳಲ್ಲಿ ಯಾವುದನ್ನೇ ತಗೊಳ್ಳಿ, ಕಾರ್ಪೊರೇಟರ್‌ಗೆ ಬರೋ ಫೋನು ಹೆಚ್ಚುಕಮ್ಮಿ ಒಂದೇ ಥರ: ನೀರು ಬಂದಿಲ್ಲ, ಬೀದಿದೀಪ ಉರೀತಿಲ್ಲ, ಯುಜಿಡಿ (ನೆಲದಡಿಯ ಒಳಚರಂಡಿ) ಉಕ್ಕುತ್ತಿದೆ. ನೀರಿಗೆ ವಾಣಿವಿಲಾಸ ವಾಟರ್ ವರ್ಕ್ಸ್‌ನವರಿದ್ದಾರೆ. ಬೀದಿದೀಪ ಪಾಲಿಕೆಯದು, ಅದೇ ಬೀದಿಯ ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿ ಸೆಸ್ಕ್‌ನದು. ಇಷ್ಟು ತಿಳಿದಿದ್ದರೆ ಅರ್ಧ ಅಲೆದಾಟ ಉಳಿಯುತ್ತೆ. ಯುಜಿಡಿ ಹಾಗಲ್ಲ. ಅಲ್ಲಿ ಕಸುಬು ಗೊತ್ತಿರಬೇಕು.

ಉಕ್ಕುವ ಚೇಂಬರ್‌ನಲ್ಲೇ (ಮ್ಯಾನ್‌ಹೋಲ್) ಕಟ್ಟಿಕೊಂಡಿದೆ ಅನ್ನೋದು ಎಲ್ಲರೂ ಮಾಡುವ ತಪ್ಪು. ಕಟ್ಟಿರೋದು ಕೆಳಗೆಲ್ಲೋ, ನೀರು ಹಿಂದಕ್ಕೆ ತುಂಬುತ್ತಾ ಬಂದು, ಮುಚ್ಚಳ ಎಲ್ಲಿ ತಗ್ಗಿನಲ್ಲಿದೆಯೋ ಅಲ್ಲಿ ಹೊರಬೀಳುತ್ತೆ. ಆದ್ದರಿಂದ ಇಳಿಜಾರಿನ ಕಡೆಗೆ ಒಂದೊಂದೇ ಮುಚ್ಚಳ ತೆಗೆಸುತ್ತಾ ಹೋಗಿ. ಸಣ್ಣ ಪೈಪಿನ ಬೀದಿಗಳಲ್ಲಿ ಸುಮಾರು 30 ಮೀಟರ್‌ಗೊಂದು ಚೇಂಬರ್ ಇರುತ್ತೆ. ತುಂಬಿದ್ದು, ತುಂಬಿದ್ದು, ಆಮೇಲೆ ಒಂದು ಖಾಲಿ ಸಿಗುತ್ತೆ. ಕೊನೆಯ ತುಂಬಿದ ಚೇಂಬರ್‌ಗೂ ಈ ಖಾಲಿಗೂ ನಡುವೆಯೇ ಕಳ್ಳ ಕೂತಿರೋದು.

ಒತ್ತಡದಲ್ಲಿ ನೀರು ಚಿಮ್ಮಿಸೋ ಜೆಟ್ಟಿಂಗ್ ಗಾಡಿಯ ಪೈಪನ್ನು ಆ ಖಾಲಿ ಚೇಂಬರ್‌ನಿಂದ ಮೇಲಕ್ಕೆ ಬಿಡಬೇಕು. ಪೈಪಿನ ತುದಿಯ ನಾಜಲ್‌ನ ನೀರು ಹಿಂದಕ್ಕೆ ಚಿಮ್ಮುತ್ತೆ, ಆ ಒತ್ತಡಕ್ಕೆ ಅದು ಮುಂದಕ್ಕೆ ಹೋಗುತ್ತೆ, ಹೂಳು ಕೆಳಗಿನ ಚೇಂಬರ್‌ಗೆ ಬಂದು ಬೀಳುತ್ತೆ. ಅಲ್ಲಿಂದ ಹೂಳು ಹೀರುವ ಸಕ್ಕಿಂಗ್ ಗಾಡಿಯಲ್ಲಿ ಎತ್ತಿಸಲೇಬೇಕು. ನೀರು ಇಳೀತಲ್ಲ ಅಂತ ಗಾಡಿ ಹೊರಟುಹೋದರೆ ಅದೇ ಕಲ್ಲು, ಬಟ್ಟೆ, ಮರಳು ಮುಂದಿನ ತಿರುವಲ್ಲಿ ಕೂರುತ್ತೆ. ವಾರದೊಳಗೆ ಪಕ್ಕದ ಬೀದಿಯವರ ಫೋನು. ಗಾಡಿ ತಡವಾಗುತ್ತೆ ಅಂತ ಯಾರನ್ನೂ ಚೇಂಬರ್‌ಗೆ ಇಳಿಸೋ ಹಾಗಿಲ್ಲ. ಯುಜಿಡಿಯನ್ನು ಜನರ ಕೈಲಿ ಅಪಾಯಕಾರಿಯಾಗಿ ಶುಚಿ ಮಾಡಿಸೋದನ್ನು ನಿಷೇಧಿಸಿದ 2013ರ ಕಾಯ್ದೆ ಹಾಗಿರಲಿ, ಒಳಗಿನ ಗಾಳಿ ನಿಮಿಷದಲ್ಲಿ ಜೀವ ತೆಗೆಯುತ್ತೆ. ಕಾರ್ಪೊರೇಟರ್ ಎದುರಿಗೇ ನಿಂತು ಇಳಿಸಿದರಂತೂ ಕ್ಷಮೆಯೇ ಇಲ್ಲ.

ಒಂದೇ ಜಾಗ ಮತ್ತೆ ಮತ್ತೆ ಕಟ್ಟಿದರೆ ಗಾಡಿ ಕರೆಸೋದು ಬಿಟ್ಟು ಕಾರಣ ಹುಡುಕಿ. ಹೆಪ್ಪುಗಟ್ಟಿದ ಜಿಡ್ಡು ಬಂದರೆ ಮೇಲ್ಗಡೆ ಜಿಡ್ಡು ತಡೆಯುವ ತೊಟ್ಟಿ ಇಲ್ಲದ ಹೋಟೆಲ್ ಇದೆ ಅಂತ ಲೆಕ್ಕ. ಬೇರು ಬಂದರೆ ಪೈಪಿನ ಜಾಯಿಂಟ್ ಬಿಟ್ಟಿದೆ. ಮಳೆ ಬಂದಾಗ ಮಾತ್ರ ಉಕ್ಕಿದರೆ ತಾರಸಿ ನೀರಿನ ಪೈಪನ್ನು ಯುಜಿಡಿಗೆ ಕೊಟ್ಟ ಮನೆಗಳಿವೆ. ಇದನ್ನು ಹೇಳಿದರೆ ಓಟು ಹೋಗುತ್ತೆ ಅಂತ ಬಹಳ ಸದಸ್ಯರು ಬಾಯಿ ಬಿಡಲ್ಲ.

ಉಕ್ಕಿದ ನೀರು ಮೋರಿಗೆ ಹರಿದರೆ ಇನ್ನೊಂದು ಅಪಾಯ. ಮನೆಗೆ ಹೋಗೋ ಕುಡಿಯುವ ನೀರಿನ ಪೈಪು ಎಷ್ಟೋ ಕಡೆ ಮೋರಿಯನ್ನೇ ದಾಟಿ ಹೋಗಿರುತ್ತೆ. ನೀರು ಬಿಡದ ಹೊತ್ತಲ್ಲಿ ಪೈಪಿನೊಳಗೆ ಒತ್ತಡ ಇರಲ್ಲ. ಸೂಜಿಮೊನೆಯಷ್ಟು ತೂತಿದ್ದರೂ ಕೊಳಚೆ ಒಳಗೆ ನುಗ್ಗುತ್ತೆ. ಮೊದಲ ಎರಡು ಬಿಂದಿಗೆ ವಾಸನೆ ಅಂತ ಯಾರಾದರೂ ಅಂದರೆ ಆ ದಿನವೇ ನೀರಿನ ಸ್ಯಾಂಪಲ್ ತೆಗೆಸಿ, ನಲ್ಲಿ ನೀರಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿದೆಯಾ ನೋಡಿಸಿ.

ಡಾಂಬರು ರಸ್ತೆಯ ಅಂದಾಜು ಪಟ್ಟಿ ಬಂದಾಗ ಎಷ್ಟು ಲಕ್ಷ ಅಂತ ನೋಡೋರೇ ಜಾಸ್ತಿ. ಚೇಂಬರ್ ಮುಚ್ಚಳ ಎತ್ತರಿಸೋ ಐಟಂ ಅದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಹೊಸ ರಸ್ತೆಯಡಿ ಮುಚ್ಚಳ ಹೂತುಹೋಗುತ್ತೆ. ಮುಂದಿನ ಸಲ ಕಟ್ಟಿಕೊಂಡಾಗ ಹಾರೆ ಹಿಡಿದು ಹೊಸ ಡಾಂಬರನ್ನೇ ಕುಟ್ಟಿ ಹುಡುಕಬೇಕು. ಕೆಲಸಕ್ಕೆ ಮೊದಲು ಜೆಇ (ಪಾಲಿಕೆಯ ಕಿರಿಯ ಎಂಜಿನಿಯರ್) ಜೊತೆ ಬೀದಿ ನಡೆದು ಮುಚ್ಚಳ ಎಣಿಸಿ, ಗೋಡೆ ಮೇಲೆ ಬಣ್ಣದಲ್ಲಿ ಗುರುತು ಹಾಕಿಸಿ; ರೋಲರ್ ಹೋದಮೇಲೆ ಮತ್ತೆ ಎಣಿಸಿ. ಹೊಸ ನಲ್ಲಿ, ಯುಜಿಡಿ ಸಂಪರ್ಕ ಬೇಕಾದವರಿಗೆ ಡಾಂಬರಿಗೆ ಮುಂಚೆಯೇ ಅರ್ಜಿ ಹಾಕಲು ಮನೆಮನೆಗೆ ಹೇಳಿಸಿ.

2023ರ ನವೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಸದಸ್ಯರಿಲ್ಲದ ಹೊತ್ತಲ್ಲಿ ಈ ಎಣಿಕೆಯನ್ನು ಬೀದಿಯವರೇ ಮಾಡಬಹುದು. ಲೆಕ್ಕವನ್ನು ಬರಹದಲ್ಲಿ ವಲಯ ಕಚೇರಿಗೆ ಕೊಟ್ಟು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.